ಝೆರಾಕ್ಸ್ ಅಂಗಡಿಯ ಕರಿ ಚೆಂಡು

ಕಳೆದ ಮಂಗಳವಾರ ನನ್ನ ಕೌಂಟರಿನ ಮೇಲೆ ಒಂದು ಕರಿ ಚೆಂಡು ಉರುಳಿ ಬಂತು. ವಡಗೇರಾದಲ್ಲಿ ನಾನು ಅರ್ಜಿ ತುಂಬುವ ಕೆಲಸ ಮಾಡುತ್ತೇನೆ. ಪಹಣಿ, ಆದಾಯ ಪ್ರಮಾಣಪತ್ರ, ಪಿಂಚಣಿ, ವಿದ್ಯಾರ್ಥಿವೇತನ, ಏನೇ ಇದ್ದರೂ ಜನ ಕಾಗದದ ಚೀಲ ಹಿಡಿದು ನನ್ನ ಮುಂದೆ ಬಂದು ನಿಲ್ಲುತ್ತಾರೆ. ಅವತ್ತು ಬಂದ ವಯಸ್ಸಾದ ಹೆಂಗಸು ತಮ್ಮ ಚೀಲವನ್ನು ಪೂರಾ ಬೋರಲು ಮಾಡಿದರು. ಆಧಾರ್ ಕಾರ್ಡು, ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ನಾಲ್ಕು ಮಡಿಕೆಯ ಒಂದು ಮರಣ ಪ್ರಮಾಣಪತ್ರ, ಎಲ್ಲದರ ಹಿಂದೆ ಆ ಚೆಂಡು. ಬೇಲದ ಹಣ್ಣಿನಷ್ಟು ದಪ್ಪ. ಅಡಿಯಲ್ಲಿ ದುಂಡನೆಯ ಒಂದು ಕಿಂಡಿ. ಒಂದು ಬದಿಗೆ ಕುಂಕುಮದ ಹಳೆಯ ಕಲೆ.

ಹೆಂಗಸಿನ ಮುಖ ನನಗೆ ಗುರುತು ಸಿಗಲಿಲ್ಲ. ಚೆಂಡಿನ ಗುರುತು ಸಿಕ್ಕಿತು.

ಮರಣ ಪ್ರಮಾಣಪತ್ರ ಬಿಡಿಸಿ ಹೆಸರು ಓದಿದೆ. ಅದಕ್ಕೆ ಮೊದಲು ಆ ಹೆಸರನ್ನು ನಾನು ಕೇಳಿರಲೇ ಇಲ್ಲ. ಶಹಾಪುರದಲ್ಲಿ ನಮಗೆಲ್ಲ ಅವರು ಝೆರಾಕ್ಸ್ ಕಾಕಾ, ಅಷ್ಟೇ. ಅವರು ತೀರಿಹೋಗಿದ್ದಾರೆಂದು ಹೀಗೆ, ಒಂದು ಸರ್ಕಾರಿ ಮುದ್ರೆಯ ಕೆಳಗೆ, ನನಗೆ ತಿಳಿಯಿತು. ಮೊದಲು ಬಂದದ್ದು ದುಃಖವಲ್ಲ. ಇಷ್ಟು ವರ್ಷವಾದರೂ ಈ ಆಟಿಕೆಯನ್ನು ಬಿಡಲಿಲ್ಲವಲ್ಲ ಈ ಮನುಷ್ಯ, ಎಂಬ ಅಸಹ್ಯ.

ಅವರ ಅಂಗಡಿ ಶಹಾಪುರದ ಬಸ್ ನಿಲ್ದಾಣದ ಹತ್ತಿರ, ಒಂದು ಖಾನಾವಳಿಗೂ ಒಂದು ಟೈಲರ್ ಅಂಗಡಿಗೂ ನಡುವೆ ಇಕ್ಕಟ್ಟಿನಲ್ಲಿ ಇತ್ತು. ಒಂದು ಝೆರಾಕ್ಸ್ ಯಂತ್ರ, ಒಂದು ಕಂಪ್ಯೂಟರ್, ಲ್ಯಾಮಿನೇಷನ್ ಮಾಡುವ ಒಂದು ಪೆಟ್ಟಿಗೆ. ಒಳಗೆ ಯಾವಾಗಲೂ ಬಿಸಿ ಕಾಗದದ ವಾಸನೆ, ಅದರ ಜೊತೆಗೆ ಖಾನಾವಳಿಯ ಸುಟ್ಟ ಮೆಣಸಿನಕಾಯಿಯ ಘಾಟು. ಕಾಕಾ ಒಳ್ಳೆಯ ಕೆಲಸಗಾರರು, ಇದನ್ನು ಹೇಳಲೇಬೇಕು. ಸುಕ್ಕಾದ ಅಂಕಪಟ್ಟಿಯನ್ನು ಅಂಗೈಯಲ್ಲಿ ತೀಡಿ ತೀಡಿ ಸಪಾಟು ಮಾಡಿ ಗಾಜಿನ ಮೇಲೆ ಇಡುತ್ತಿದ್ದರು. ಅವರು ತೆಗೆದ ಪ್ರತಿ ಓರೆಯಾಗುತ್ತಿರಲಿಲ್ಲ, ಲ್ಯಾಮಿನೇಷನ್ನಿನಲ್ಲಿ ಗುಳ್ಳೆ ಏಳುತ್ತಿರಲಿಲ್ಲ. ಯಂತ್ರ ಮಾಡಬಹುದಾದದ್ದನ್ನೆಲ್ಲ ಅವರು ಯಂತ್ರಕ್ಕಿಂತ ಚೆನ್ನಾಗಿ ಮಾಡುತ್ತಿದ್ದರು. ಮನುಷ್ಯ ಮಾಡಬೇಕಾದ ಕೆಲಸ ಬಂದಾಗ ಮಾತ್ರ ಅವರ ಕೈ ಚೆಂಡಿನ ಕಡೆ ಹೋಗುತ್ತಿತ್ತು.

ಹೈದರಾಬಾದಿಗೆ ಯಂತ್ರದ ಸಾಮಾನು ತರಲು ಹೋದಾಗ ರಸ್ತೆ ಬದಿಯಲ್ಲಿ ಕೊಂಡಿದ್ದಂತೆ. ಒಳಗೆ ನೀಲಿ ನೀರು, ನೀರಿನಲ್ಲಿ ತೇಲುವ ಒಂದು ದಾಳ. ಅಲುಗಾಡಿಸಿ ಬೋರಲು ಹಿಡಿದರೆ ದಾಳದ ಒಂದು ಮುಖ ಮೆಲ್ಲಗೆ ಕಿಂಡಿಗೆ ಬಂದು ಅಂಟುತ್ತದೆ. ಕೆಲವು ಮುಖಗಳ ಮೇಲೆ ಇಂಗ್ಲಿಷಿನಲ್ಲಿ ಯೆಸ್, ಕೆಲವುಗಳ ಮೇಲೆ ನೋ. ಬೇರೇನೂ ಇಲ್ಲ. ಮಕ್ಕಳಿಗೆ ಕೊಟ್ಟರೆ ಎರಡು ದಿನಕ್ಕೆ ಬೇಸರವಾಗುವ ಆಟಿಕೆ. ಶಹಾಪುರದ ದೊಡ್ಡವರಿಗೆ ಅದು ಎರಡು ವರ್ಷವಾದರೂ ಬೇಸರವಾಗಲಿಲ್ಲ.

ಖಾನಾವಳಿಯವನು ಒಂದು ದಿನ ಕೈ ಒರೆಸಿಕೊಳ್ಳುತ್ತ ಬಂದ. “ಕಾಕಾ, ನಮ್ಮಾಕಿ ತವರಮನಿಯಿಂದ ಈ ವಾರ ಬರ್ತಾಳೇನು, ಕೇಳ್ರಿ ಒಂದೀಟು.”

ಚೆಂಡು ಯೆಸ್ ಎಂದಿತು.

“ಇಷ್ಟ್ ಜಲ್ದಿನಾ? ನೀವು ಬರೋಬ್ಬರಿ ಅಲುಗಾಡ್ಸಿಲ್ಲ ನೋಡ್ರಿ. ಇನ್ನೊಮ್ಮಿ ಕೇಳ್ರಿ!”

“ಒಂದ್ ಮಾತಿಗಿ ಒಂದ ಸಲ. ಅದು ಕಾಯ್ದಾ,” ಎಂದರು ಕಾಕಾ, ಗಂಭೀರವಾಗಿ.

ಆ ಕಾಯ್ದೆ ಚೆಂಡಿನ ಡಬ್ಬಿಯ ಮೇಲೆ ಬರೆದದ್ದಲ್ಲ. ನಮ್ಮ ಕಡೆ ದೇವರಿಗೆ ಹೂ ಕೇಳುವ ರೂಢಿಯಿದೆ. ಮೂರ್ತಿಯ ಎರಡೂ ಬದಿಗೆ ಹೂ ಅಂಟಿಸಿ, ಮನಸ್ಸಿನಲ್ಲಿರುವುದನ್ನು ಕೇಳಿಕೊಂಡು ಕಾಯುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳುವಂತಿಲ್ಲ. ಕಾಕಾ ಆ ನಿಯಮವನ್ನು ಎತ್ತಿ ತಂದು ಪ್ಲಾಸ್ಟಿಕ್ಕಿಗೆ ಹಚ್ಚಿದ್ದರು. ಹೂ ಕೇಳುವವರು ಸ್ನಾನ ಮಾಡಿ, ಉಪವಾಸವಿದ್ದು, ಅರ್ಧ ದಿನ ಕೂತು ಕಾಯುತ್ತಾರೆ. ಚೆಂಡಿಗೆ ಅದೂ ಬೇಕಿರಲಿಲ್ಲ. ದಸರೆಯಲ್ಲಿ ಯಂತ್ರಗಳಿಗೆ ಪೂಜೆ ಮಾಡುವಾಗ ಕಾಕಾ ಅದಕ್ಕೂ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದ್ದನ್ನು ನಾನೇ ನೋಡಿದ್ದೇನೆ.

ಆಗ ನಾನು ಒಂಬತ್ತನೆಯ ತರಗತಿ. ದಿನಚರಿ ಬರೆಯುವ ಚಟ ಅಷ್ಟರಲ್ಲೇ ಹತ್ತಿತ್ತು. ಮನಸ್ಸಿನ ಭಾವನೆ ಬರೆಯುವ ದಿನಚರಿಯಲ್ಲ. ಯಾವ ತಾರೀಖು, ಬಸ್ಸು ಎಷ್ಟು ತಡ, ಕರೆಂಟು ಎಷ್ಟು ಸಲ ಹೋಯಿತು, ಅಂಥವು. ಪ್ರತಿ ತೆಗೆಸಲು ಸರತಿಯಲ್ಲಿ ನಿಂತಾಗ ಚೆಂಡಿನ ಉತ್ತರಗಳನ್ನೂ ಗೀಟು ಹಾಕಿ ಎಣಿಸತೊಡಗಿದೆ. ಯೆಸ್ಸಿಗೆ ಒಂದು ಕಡೆ ಗೀಟು, ನೋಗೆ ಇನ್ನೊಂದು ಕಡೆ. ಸ್ವಲ್ಪ ದಿನದಲ್ಲೇ ಎರಡೂ ಕಡೆಯ ಗೀಟುಗಳು ಹೆಚ್ಚುಕಡಿಮೆ ಸಮವಾದವು. ಸಮವಾಗಿಯೇ ಉಳಿದವು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯವೆಂದರೆ ಅದೇ ಅಂಗಡಿಯಲ್ಲಿ ನನ್ನ ಜೊತೆ ನಿಲ್ಲುತ್ತಿದ್ದ ಪದವೀಧರರು, ಮೇಷ್ಟ್ರು, ಕಚೇರಿಯ ಗುಮಾಸ್ತರು ಯಾರಿಗೂ ಅದು ಕಾಣದಿದ್ದದ್ದು. ವರ್ಗಾವಣೆಗೆ ಅರ್ಜಿ ಹಾಕಬೇಕೋ ಬೇಡವೋ ಎಂದು ಒಬ್ಬ ಮೇಷ್ಟ್ರು ಆ ಚೆಂಡನ್ನು ಕೇಳಿ, ಅದು ನೋ ಎಂದದ್ದಕ್ಕೆ ತುಂಬಿದ ಅರ್ಜಿಯನ್ನು ಹರಿದು ಹೋದರು. ವಿಜ್ಞಾನದ ಮೇಷ್ಟ್ರು.

ಆದರೆ ಇದನ್ನು ಬರೆಯುತ್ತಿರುವುದು ಆ ಮೇಷ್ಟ್ರಿಗಾಗಿ ಅಲ್ಲ. ನನ್ನ ಅಕ್ಕನಿಗಾಗಿ.

ಅಕ್ಕ ಆ ವರ್ಷ ಪಿಯುಸಿ ಮುಗಿಸಿದ್ದಳು. ನರ್ಸ್ ಆಗಬೇಕು ಎನ್ನುವುದು ಅವಳಿಗೆ ಕನಸೇನೂ ಅಲ್ಲ, ನಿರ್ಧಾರ. ಅವ್ವ ಯಾದಗಿರಿಯ ದವಾಖಾನೆಯಲ್ಲಿ ಮಲಗಿದ್ದಾಗ ಅಕ್ಕ ಜೊತೆಗಿದ್ದಳು. ವಾಪಸು ಬರುವಷ್ಟರಲ್ಲಿ ಮಂಚಕ್ಕೆ ತೂಗುಹಾಕಿದ ಕಾಗದ ಓದುವುದನ್ನು, ಸಲೈನ್ ಮುಗಿಯುವ ಮೊದಲೇ ಹೋಗಿ ಕರೆಯುವುದನ್ನು ಕಲಿತು ಬಂದಿದ್ದಳು. ಪಕ್ಕದ ಮಂಚದವರೂ ಇವಳನ್ನೇ ‘ಸಿಸ್ಟರ್’ ಎಂದು ಕೂಗುತ್ತಿದ್ದರಂತೆ. ಅಪ್ಪ ಅದನ್ನು ಹತ್ತಿ ಮಿಲ್ಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದರು. ಅಪ್ಪ ಅಲ್ಲಿ ಹಮಾಲಿ ಮಾಡುತ್ತಿದ್ದರು.

ಅಪ್ಪ ಹೂ ಕೇಳುವವರಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಒಂದೇ ಇರುವುದು. ಬಾಜು ಮನೆಯವರು ಹೂ ಕೇಳಲು ಹೊರಟಾಗ “ಅಂಟ್ಸಿದ್ ಹೂವು ಬೀಳದ ಎಲ್ಲಿ ಹೋಗ್ತದ?” ಎಂದು ನಗುತ್ತಿದ್ದವರು. ಅಂಥ ಅಪ್ಪ ಕಾಕಾನ ಚೆಂಡಿನ ಮುಂದೆ ಮಾತ್ರ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ನಾನು ಒಮ್ಮೆ ಕೇಳಿದ್ದೆ. “ಇದೇನ್ ದೇವರಲ್ಲ ಬಿಡವಾ,” ಎಂದರು. “ಕಂಪ್ಯೂಟರ್ ಬಾಜೂಕ ಇಟ್ಟಾರಂದ್ರ ಏನರ ಒಂದ್ ಲೆಕ್ಕ ಇರ್ತದ.” ದೇವರನ್ನು ಬಿಟ್ಟವರು ಯಂತ್ರದ ನೆರಳಿಗೆ ಕೈ ಮುಗಿದರು. ಅದು ಯಂತ್ರವೂ ಆಗಿರಲಿಲ್ಲ…

ಸರ್ಕಾರದ ಸೀಟು ಹಂಚಿಕೆಯ ಮೊದಲ ಸುತ್ತು ಮುಗಿದಿತ್ತು. ಸಿಕ್ಕ ಸೀಟು ಬೇಕೋ ಬೇಡವೋ ತಿಳಿಸಲು ಅದು ಕೊನೆಯ ದಿನ, ಶನಿವಾರ. ಅಪ್ಪ ಮಿಲ್ಲಿಗೆ ಹೋಗದೆ ಇಸ್ತ್ರಿಯ ಅಂಗಿ ತೊಟ್ಟು ಬಂದಿದ್ದರು. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಪ್ಪನ ಫೋನಿಗೆ ಓಟಿಪಿ ಬಂತು. ಅದನ್ನು ಅವರು ಮಗ್ಗಿ ಒಪ್ಪಿಸುವ ಹಾಗೆ ಒಂದೊಂದೇ ಅಂಕಿ ಗಟ್ಟಿಯಾಗಿ ಹೇಳಿದರು, ಇಡೀ ಅಂಗಡಿಗೆ ಕೇಳುವಂತೆ. ಪುಟ ತೆರೆಯಿತು. ಅಕ್ಕನಿಗೆ ರಾಯಚೂರಿನ ಒಂದು ಖಾಸಗಿ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಬಂದಿತ್ತು. ಅರ್ಜಿಯಲ್ಲಿ ಅವಳು ಮೊದಲಿಗೆ ಬರೆದದ್ದು ಕಲಬುರಗಿಯ ಸರ್ಕಾರಿ ಕಾಲೇಜನ್ನು. ಅಲ್ಲಿ ಫೀಸು ಕಡಿಮೆ, ಹಾಸ್ಟೆಲ್ ಇತ್ತು. ಮುಂದಿನ ಸುತ್ತಿನಲ್ಲಿ ಅದು ಸಿಗಬಹುದು, ಸಿಗದೆಯೂ ಇರಬಹುದು.

ಪರದೆಯ ಮೇಲೆ ಮೂರು ಸಾಲುಗಳಿದ್ದವು, ಮೂರರಲ್ಲಿ ಒಂದನ್ನು ಒತ್ತಬೇಕು. ಕಾಕಾ ಮೊದಲನೆಯದನ್ನು ಓದಿ ಹೇಳಿದರು: ಈ ಸೀಟು ಒಪ್ಪಿದ್ದೇನೆ. ಆಮೇಲೆ ಕೊನೆಯದನ್ನು ಓದಿದರು: ಈ ಸೀಟು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ.

“ನಡುವಿಂದು ಏನ್ರಿ ಕಾಕಾ?” ಎಂದಳು ಅಕ್ಕ.

“ಅದು ತೆಲಿಬ್ಯಾನಿ ಅದವಾ. ಅದರ ಸುದ್ದಿಗಿ ಹೋಗಬ್ಯಾಡ.”

ಅಪ್ಪ ಮೊದಲ ಸಾಲು ನೋಡಿದರು, ಕೊನೆಯ ಸಾಲು ನೋಡಿದರು, ಬೆವರು ಒರೆಸಿಕೊಂಡರು. “ನೀವ ಹೇಳ್ರಿ ಸಾವಕಾರ. ಏನ್ ಮಾಡ್ಲಿ?”

ಸಾಹುಕಾರ ಎಂದು ಕರೆದ ಕೂಡಲೇ ಕಾಕಾನ ಕೈ ಪಕ್ಕಕ್ಕೆ ಸರಿಯಿತು. ಚೆಂಡು ಎತ್ತಿಕೊಂಡರು.

ಅಕ್ಕ ಆಗ ಅವರ ಮಣಿಕಟ್ಟಿನ ಹತ್ತಿರ ಕೈ ಒಡ್ಡಿದಳು, ಮುಟ್ಟಲಿಲ್ಲ. “ಅದಕ್ಕ ಬ್ಯಾಡ್ರಿ ಕಾಕಾ. ನಾ ನಿಮಗ ಕೇಳಾಕತ್ತೀನಿ. ನಿಮ್ಮ ಮಗಳಿದ್ರ ನೀವು ಯಾವ್ದು ಒತ್ತತಿದ್ರಿ?”

ಕಾಕಾ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು. ಮತ್ತೆ ಹಾಕಿಕೊಂಡರು. ಆಮೇಲೆ ಸುತ್ತಲಿನವರನ್ನು ನೋಡಿ ನಕ್ಕು ಹೇಳಿದರು: “ನನಗ ಮಗಳಽ ಇಲ್ಲಲ್ಲವಾ ತಂಗಿ!”

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು.

ಚೆಂಡು ಅಲುಗಾಡಿತು. ಈ ಸೀಟು ಹಿಡಿಯಬೇಕೋ? ನೋ. ಅಪ್ಪನ ಮುಖದಲ್ಲಿ ಮೂಟೆ ಇಳಿಸಿದ ಹಾಗೆ ನಿರಾಳ. “ಆತ್ ಬಿಡ್ರಿ, ಕಾಯ್ತೀವಿ,” ಎಂದರು. ಕಾಕಾ ಕೊನೆಯ ಸಾಲು ಒತ್ತಿದರು, ಕಾಗದ ಹೊರಬಂತು. ಅದನ್ನು ಎರಡು ಸಲ ತೀಡಿ ಮೂಲೆಗೆ ಮೂಲೆ ಕೂಡಿಸಿ ಮಡಚಿ ಕೊಟ್ಟರು. ಅಷ್ಟು ಅಚ್ಚುಕಟ್ಟು.

ಎರಡನೆಯ ಸುತ್ತಿನಲ್ಲಿ ಅಕ್ಕನ ಹೆಸರಿನ ಮುಂದೆ ಏನೂ ಇರಲಿಲ್ಲ. ಕಲಬುರಗಿ ಸಿಗಲಿಲ್ಲ, ರಾಯಚೂರು ಆಗಲೇ ಬೇರೆಯವರ ಪಾಲಾಗಿತ್ತು. ಆ ಸಂಜೆ ಅಕ್ಕ ಮನೆಯ ಪಾತ್ರೆಗಳನ್ನೆಲ್ಲ, ತೊಳೆದಿಟ್ಟವನ್ನೂ ಸೇರಿಸಿ, ಮತ್ತೊಮ್ಮೆ ತೊಳೆದಳು. ಅಪ್ಪ ಹೊರಗೆ ಕಟ್ಟೆಯ ಮೇಲೆ ಕೂತು “ಹಣಿಯಾಗ ಬರದಿಲ್ಲ” ಎಂದರು, ಹಣೆಬರಹವನ್ನು ನಂಬದ ನಮ್ಮಪ್ಪ.

ನಾನು ಆ ಮಡಚಿದ ಕಾಗದವನ್ನು ಬಿಡಿಸಿ ಓದಿದೆ. ಮೂರೂ ಸಾಲುಗಳು ಅದರಲ್ಲಿ ಅಚ್ಚಾಗಿದ್ದವು. ಕೆಳಗೆ ಸಣ್ಣ ಅಕ್ಷರದಲ್ಲಿ ಕನ್ನಡವೂ ಇತ್ತು. ನಡುವಿನ ಸಾಲು ಹೇಳುತ್ತಿದ್ದದ್ದು ಇಷ್ಟೇ: ಸಿಕ್ಕ ಸೀಟು ನನ್ನ ಹೆಸರಿನಲ್ಲೇ ಇರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲೆ ನಾನು ಬರೆದದ್ದು ಸಿಕ್ಕರೆ ಅದನ್ನು ಕೊಡಿ. ಅದನ್ನು ಒತ್ತಿದ್ದರೆ ರಾಯಚೂರು ಕೈಯಲ್ಲಿರುತ್ತಿತ್ತು. ಮೂರು ದಾರಿಗಳಿದ್ದ ಪ್ರಶ್ನೆಯನ್ನು, ಎರಡೇ ಮಾತು ಬರುವ ಆಟಿಕೆಗೆ ಒಪ್ಪುವಂತೆ ಕತ್ತರಿಸಿ ಎರಡು ಮಾಡಿದ್ದರು.

ಮರುದಿನ ಶಾಲೆ ಬಿಟ್ಟವಳೇ ನೇರ ಅಂಗಡಿಗೆ ಹೋದೆ. ಕಾಕಾ ಒಬ್ಬರೇ ಇದ್ದರು, ಯಂತ್ರದ ಮುಚ್ಚಳ ತೆಗೆದು ಒರೆಸುತ್ತಿದ್ದರು. ಕಾಗದ ಮುಂದಿಟ್ಟೆ.

“ನಡುವಿನ ಸಾಲು ಒತ್ತಿದ್ರ ಸೀಟು ಉಳೀತಿತ್ತಲ್ರಿ. ನಿಮಗ ಗೊತ್ತಿದ್ದಿಲ್ಲೇನು?”

“ಗೊತ್ತಿತ್ತವಾ.”

ಗೊತ್ತಿರಲಿಲ್ಲ ಎನ್ನುತ್ತಾರೆಂದು ಎಣಿಸಿದ್ದೆ. ಹಾಗೆಂದಿದ್ದರೆ ಇವತ್ತಿಗೆ ಅವರನ್ನು ಮರೆತಿರುತ್ತಿದ್ದೆನೇನೋ.

“ಮತ್ಯಾಕ ಹೇಳಲಿಲ್ರಿ?”

ಬಟ್ಟೆ ಕೆಳಗಿಟ್ಟು ನಿಧಾನ ಹೇಳಿದರು. ಅದರ ಹಿಂದಿನ ವರ್ಷ ಸುರಪುರ ಕಡೆಯ ಒಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರಂತೆ. ಅವರಿಗೆ ಕಾಕಾ ಅದೇ ನಡುವಿನ ಸಾಲನ್ನು ಒತ್ತಿಸಿದ್ದರು, ಒಳ್ಳೆಯದಾಗಲೆಂದು. ಮುಂದಿನ ಸುತ್ತಿನಲ್ಲಿ ಆ ಹುಡುಗಿಗೆ, ಅವಳೇ ಮೇಲೆ ಬರೆದಿದ್ದ, ಬಹಳ ದೂರದ ಒಂದು ಕಾಲೇಜು ಬಂತು. ಹತ್ತಿರದ್ದು ತಾನಾಗಿಯೇ ಹೋಯಿತು. ಅಷ್ಟು ದೂರ ಮಗಳನ್ನು ಕಳಿಸಲು ಅವರು ಒಪ್ಪಲಿಲ್ಲ.

“ಬಂದು ಕಾಲರ್ ಹಿಡದ್ರವಾ. ಇಲ್ಲೇ, ಇದಽ ಬಾಗಲ್ದಾಗ. ಖಾನಾವಳಿ ಮಂದಿ, ಟೈಲರ್, ಎಲ್ಲಾರೂ ನೋಡ್ಕೋತ ನಿಂತಿದ್ರು. ನನ್ನ ಮಗಳ ಬಾಳೇವು ಹಾಳ್ ಮಾಡ್ದಿ ಅಂದ್ರು.” ಕಾಕಾ ತಮ್ಮ ಕುತ್ತಿಗೆಯ ಗುಂಡಿಯನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಚೆಂಡಿನ ತಲೆ ತಟ್ಟಿದರು. ಕಣ್ಣಲ್ಲಿ ಒಂದು ಬಗೆಯ ಜಾಣತನದ ಹೊಳಪು. “ಅವತ್ತಿಂದ ಜಿಮ್ಮೇದಾರಿ ಇದರದು. ಇದರ ಕಾಲರ್ ಯಾರ್ ಹಿಡೀತಾರ, ಹೇಳು?”

ನನ್ನ ದಿನಚರಿ ತೆಗೆದು ಗೀಟುಗಳನ್ನು ತೋರಿಸಿದೆ. “ನೋಡ್ರಿ, ಅರ್ಧ ಹೌದು ಅಂದದ, ಅರ್ಧ ಇಲ್ಲ ಅಂದದ. ರೂಪಾಯಿ ಚಿಮ್ಮಿದ್ರೂ ಹಿಂಗ ಬರ್ತದ. ಇದಕ್ಕೇನೂ ತಿಳಿಯಂಗಿಲ್ಲ.”

ಕಾಕಾ ಕನ್ನಡಕ ಏರಿಸಿ ಗೀಟುಗಳನ್ನು ಶ್ರದ್ಧೆಯಿಂದ ನೋಡಿದರು. “ಭೇಷ್ ಬರದೀಯವಾ,” ಎಂದರು. “ಅಂದ್ರ ಇದು ಯಾರ ಕಡೀನೂ ಇಲ್ಲ. ಇನ್ಸಾಫ್ ಅಂದ್ರ ಇದಽ ಅಲ್ಲ?”

ನಾನು ಕಾಗದ ತೆಗೆದುಕೊಂಡು ಬಂದುಬಿಟ್ಟೆ. ಆಮೇಲೆ ಆ ಅಂಗಡಿಗೆ ಹೋಗಲಿಲ್ಲ. ಪ್ರತಿ ತೆಗೆಸಲು ದೂರದ ಇನ್ನೊಂದು ಅಂಗಡಿಗೆ ನಡೆದು ಹೋಗುತ್ತಿದ್ದೆ. ಅಲ್ಲಿ ಪ್ರತಿಗಳು ಓರೆಯಾಗಿ ಬರುತ್ತಿದ್ದವು. ಇರಲಿ ಎನ್ನುತ್ತಿದ್ದೆ.

ಹೆದರಿದ ಮನುಷ್ಯನ ಮೇಲೆ ಇಷ್ಟು ಸಿಟ್ಟು ಏಕೆ ಎಂದು ಕೇಳಬಹುದು. ಅಕ್ಕನೇ ಕೇಳಿದ್ದಾಳೆ. ಕಾಲರ್ ಹಿಡಿದವನ ಮೇಲೆ ಕಾಕಾ ಸಿಟ್ಟು ಮಾಡಿದ್ದರೆ ನನಗೆ ಅರ್ಥವಾಗುತ್ತಿತ್ತು. ಅಂಗಡಿ ಮುಚ್ಚಿದ್ದರೂ ಅರ್ಥವಾಗುತ್ತಿತ್ತು. ‘ನಾನು ಪ್ರತಿ ತೆಗೆದುಕೊಡುತ್ತೇನೆ, ಆಯ್ಕೆ ನೀವು ಮಾಡಿ’ ಎಂದು ಗೋಡೆಗೆ ಬರೆದು ಅಂಟಿಸಬಹುದಿತ್ತು. ಅವರು ಅದಾವುದನ್ನೂ ಮಾಡಲಿಲ್ಲ. ಜನ ಸಾಹುಕಾರ ಎನ್ನುವುದು ಅವರಿಗೆ ಬೇಕಿತ್ತು, ಕೇಳಲು ಬಂದು ಸಾಲಾಗಿ ನಿಲ್ಲುವುದು ಬೇಕಿತ್ತು. ಉತ್ತರ ಕೊಡುವುದು ಬೇಕಿರಲಿಲ್ಲ. ತಮಗೆ ಗೊತ್ತಿದ್ದದ್ದನ್ನು ನುಂಗಿ, ಏನನ್ನೂ ಅರಿಯದ ದಾಳವನ್ನು ಮುಂದೆ ಮಾಡಿದರು. ಅದನ್ನೇ ನ್ಯಾಯ, ಇನ್ಸಾಫ್ ಎಂದರು.

ಅಕ್ಕ ಡಿಗ್ರಿಗೆ ಸೇರಿ ಬಸ್ಸಿನಲ್ಲಿ ಓಡಾಡಿ ಓದಿದಳು. ಈಗ ಸುರಪುರದ ಒಂದು ಔಷಧದ ಅಂಗಡಿಯಲ್ಲಿ ನಿಲ್ಲುತ್ತಾಳೆ. ಡಾಕ್ಟರರ ಎಂಥ ಗೀಚು ಅಕ್ಷರವನ್ನಾದರೂ ಓದುತ್ತಾಳೆ. ಯಾವ ಗುಳಿಗೆ ಊಟದ ಮೊದಲು, ಯಾವುದು ಆಮೇಲೆ ಎಂದು ಮುದುಕರಿಗೆ ಮೂರು ಸಲ ಹೇಳಿ ಕಳಿಸುತ್ತಾಳೆ. ಕೆಲವರು ಅವಳನ್ನು ಈಗಲೂ ಸಿಸ್ಟರ್ ಎನ್ನುತ್ತಾರೆ. ಅವಳು ಅಲ್ಲ ಎನ್ನುವುದಿಲ್ಲ…

“ಯಾಕವಾ, ಅದನ್ನಽ ನೋಡಾಕತ್ತಿ?” ಎಂದರು ಕೌಂಟರಿನ ಆಚೆಯ ಹೆಂಗಸು.

ಚೆಂಡು ನನ್ನ ಕೈಯಲ್ಲಿತ್ತು. ನೀಲಿ ನೀರು ಎಲ್ಲೋ ಸೋರಿಹೋಗಿ ಒಳಗೆ ದಾಳ ಒಣಗಿದ ಕಾಯಿಯ ಬೀಜದಂತೆ ಸದ್ದು ಮಾಡುತ್ತಿತ್ತು. ಅದನ್ನು ಕೆಳಗಿಟ್ಟೆ. ಕಾಕಾನ ಅಂಗಡಿ ಗೊತ್ತಿತ್ತು ಎಂದಷ್ಟೇ ಹೇಳಿದೆ.

ಅಷ್ಟು ಸಾಕಾಯಿತು ಅವರಿಗೆ. ಅಂಗಡಿ ಮುಚ್ಚಿದ್ದು, ಶಹಾಪುರದ ಮನೆ ಬಿಟ್ಟು ತಮ್ಮನ ಮನೆಗೆ ಬಂದದ್ದು, ಎಲ್ಲ ಹೇಳಿದರು. ಗಂಡ ಹೋದ ದಿನದ ಸಂಗತಿಯನ್ನೂ ಹೇಳಿದರು. ಸಂಜೆಯಿಂದ ಎದೆ ಹಿಡಿದುಕೊಂಡು ಕೂತಿದ್ದರಂತೆ. “ದವಾಖಾನಿಗಿ ಹೋಗೋದೋ ಬ್ಯಾಡೋ, ನಿಮ್ಮ ಚೆಂಡಿಗಿ ಕೇಳ್ರಿ ಅಂದೆ, ಸಿಟ್ಟಿಲೆ. ಅದು ಬ್ಯಾಡ, ನೀ ಹೇಳು ಅಂದ್ರು. ಜಲ್ಮದಾಗ ಒಮ್ಮಿನೂ ನನಗ ಕೇಳ್ದವರಲ್ಲ. ನಾ ಏನಂತ ಹೇಳ್ಲಿ? ವಾಯು ಇರಬೇಕು, ಮುಂಜಾನಿ ಹೋಗೋಣು ಅಂದೆ…”

ಮುಂಜಾನೆಯ ಹೊತ್ತಿಗೆ ಕಾಕಾ ಇರಲಿಲ್ಲ. ಆ ಹೆಂಗಸು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು.

ಕೊನೆಗಾದರೂ ಕಾಕಾ ಮನುಷ್ಯರೊಬ್ಬರನ್ನು ಕೇಳಿದರಲ್ಲ ಎಂದು ಒಂದು ಗಳಿಗೆ ನನ್ನ ಮನಸ್ಸು ಮೆತ್ತಗಾಯಿತು. ಮರುಗಳಿಗೆಗೆ ಕಂಡದ್ದು ಬೇರೆ. ಆಗಲೂ ಹೇಳುವ ಭಾರವನ್ನು ಇನ್ನೊಬ್ಬರ ಹೆಗಲಿಗೇ ದಾಟಿಸಿ ಹೋದರು. ಎದೆ ನೋಯುತ್ತಿದ್ದದ್ದು ಅವರದ್ದು. ಅದನ್ನು ಈಗ ಹೊತ್ತುಕೊಂಡು ವಡಗೇರಾಕ್ಕೆ ಬಂದವರು ಇವರು.

ಅರ್ಜಿ ತೆರೆದೆ. ಗಂಡ ತೀರಿದವರ ಪಿಂಚಣಿ ಒಂದು, ವಯಸ್ಸಾದವರ ಪಿಂಚಣಿ ಒಂದು. ಎರಡರಲ್ಲಿ ಒಂದನ್ನೇ ಕೇಳಬೇಕು. ಎರಡನ್ನೂ ಓದಿ ಹೇಳಿದೆ, ಯಾವುದಕ್ಕೆ ಯಾವ ಕಾಗದ ಬೇಕು, ಯಾವುದರಿಂದ ಏನು ಸಿಗುತ್ತದೆ ಎಂದು. ಅವರು ಕೇಳಿಸಿಕೊಂಡರು. ಆದರೆ ಕಣ್ಣು ಮೆಲ್ಲಗೆ ಜಾರಿ ಚೆಂಡಿನ ಮೇಲೆ ಹೋಗಿ ನಿಂತಿತು.

“ನನಗ ತಿಳಿಯಂಗಿಲ್ಲವಾ. ನಾ ಹೇಳಿದ್ದು ಒಮ್ಮಿ ತಪ್ಪಿ ಬಿಟ್ಟದ. ನನ್ನ ಕೇಳಬ್ಯಾಡ.”

ಆಧಾರ್ ಕಾರ್ಡಿನ ವಯಸ್ಸನ್ನು ಇನ್ನೊಮ್ಮೆ ನೋಡಿದೆ. “ಕಾಕು, ವಯಸ್ಸಾದವ್ರದು ಹಾಕ್ರಿ. ನಿಮಗ ಅದಽ ಚಲೋ, ರೊಕ್ಕ ಹೆಚ್ಚು ಬರ್ತದ. ನಾ ಹೇಳಾಕತ್ತೀನಿ.”

“ಏನರ ಹೆಚ್ಚುಕಮ್ಮಿ ಆದ್ರ?”

“ಆದ್ರ ಬಂದು ನನಗ ಬೈರಿ.”

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಹೆಬ್ಬೆಟ್ಟು ಒತ್ತಿದರು. ಕಾಗದಗಳನ್ನು ಒಂದೊಂದಾಗಿ ತೀಡಿ ಚೀಲಕ್ಕೆ ತುಂಬಿದರು, ಮೂಲೆಗೆ ಮೂಲೆ ಕೂಡಿಸಿ, ಥೇಟ್ ಅವರ ಗಂಡನ ಹಾಗೆ. ಕೊನೆಗೆ ಚೆಂಡನ್ನೂ ಹಾಕಿಕೊಂಡರು. ಬಿಸಾಡಿರಿ ಎನ್ನಬೇಕೆನ್ನಿಸಿತು. ಎನ್ನಲಿಲ್ಲ. ಅದನ್ನು ಅವರು ನನ್ನನ್ನು ಕೇಳಿರಲಿಲ್ಲ.

ಕಾಕಾನ ಮೇಲಿನ ನನ್ನ ತಿರಸ್ಕಾರ ಕರಗಿಲ್ಲ. ದಿನಚರಿಯಲ್ಲಿ ಅವತ್ತಿನ ತಾರೀಖಿನ ಕೆಳಗೆ ಹಾಗೆಯೇ ಬರೆದಿಟ್ಟಿದ್ದೇನೆ. ಆದರೆ ಒಂದು ದಿನ ಅವರ ಮುಂದೆ ಹೋಗಿ, ‘ನೋಡ್ರಿ, ನಾ ಹೇಳ್ತೀನಿ, ನನ್ನ ಕಾಲರ್ ಹಿಡಿಯೋರು ಹಿಡೀಲಿ’ ಎನ್ನಬೇಕೆಂದು ಈ ಕೆಲಸಕ್ಕೆ ಸೇರಿದ ದಿನದಿಂದ ಅಂದುಕೊಂಡಿದ್ದೆ. ಆ ಮಾತನ್ನು ಕೇಳಿಸಿಕೊಳ್ಳಬೇಕಾದವರು ಈಗಿಲ್ಲ…

ಬಾಗಿಲ ಹತ್ತಿರ ಹೋದ ಕಾಕು ತಿರುಗಿ ನಿಂತರು.

“ಇಲ್ಲೇ ಇರ್ತೀ ಅಲ್ಲವಾ?”

“ಇಲ್ಲೇ ಇರ್ತೀನ್ರಿ.”